ಟೆರಿಟೋರಿಯಲ್ ಆರ್ಮಿಯಲ್ಲಿರುವವರಿಗೆ ಹೃದಯದ ಕಾಯಿಲೆ ಪತ್ತೆಯಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಟೆರಿಟೋರಿಯಲ್ ಆರ್ಮಿಯವರು (ಟಿಎ) ಕೆಲವು ತಿಂಗಳು ಸಮವಸ್ತ್ರದಲ್ಲಿರುತ್ತಾರೆ, ಉಳಿದ ದಿನ ಬ್ಯಾಂಕಿನಲ್ಲೋ ಗ್ಯಾರೇಜಿನಲ್ಲೋ ಹೊಲದಲ್ಲೋ ಇರುತ್ತಾರೆ. ಬೆಳಗಾವಿಯ 115 ಮಹಾರ್ ಟಿಎ ಬೆಟಾಲಿಯನ್ ಆಗಲಿ, ಬೆಂಗಳೂರಿನ 106 ಪ್ಯಾರಾ ಟಿಎ ಬೆಟಾಲಿಯನ್ ಆಗಲಿ, ಎಲ್ಲ ಕಡೆಯೂ ಇದೇ ಕಥೆ. ಹೃದಯದ ಕಾಯಿಲೆಗೆ ಈ ಗಡಿ ಗೊತ್ತಿಲ್ಲ. ಆದರೆ ಆಸ್ಪತ್ರೆಯ ಬಿಲ್ಲು, ಮೆಡಿಕಲ್ ಬೋರ್ಡು (ಸೇವೆಗೆ ಯೋಗ್ಯರೇ ಎಂದು ನಿರ್ಧರಿಸುವ ಸೇನಾ ವೈದ್ಯರ ಮಂಡಳಿ), ಪಿಂಚಣಿ ಎಲ್ಲವೂ ಈ ಗಡಿಯ ಯಾವ ಬದಿಯಲ್ಲಿ ಕಾಯಿಲೆ ಶುರುವಾಯಿತು ಎನ್ನುವುದರ ಮೇಲೆಯೇ ನಿಂತಿವೆ. ಸೈನಿಕರೂ ಅವರ ಮನೆಯವರೂ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ.

ಎದೆನೋವು ಬಂದಿದೆ. ಮಿಲಿಟರಿ ಆಸ್ಪತ್ರೆಗೇ ಹೋಗಬೇಕೇ?

ಬೇಡ. ಹತ್ತಿರದಲ್ಲಿ ಇಸಿಜಿ ತೆಗೆಯುವ ಆಸ್ಪತ್ರೆ ಯಾವುದಿದೆಯೋ ಅಲ್ಲಿಗೆ ಹೋಗಿ. ಕಾಗದಪತ್ರವನ್ನು ಆಮೇಲೆ ಸರಿಮಾಡಬಹುದು, ಸತ್ತ ಹೃದಯ ಸ್ನಾಯುವನ್ನು ಸರಿಮಾಡಲಾಗದು.

ಎದೆಯ ನಡುವೆ ಒತ್ತಿದಂತೆ, ಬಿಗಿದಂತೆ ಆಗಿ, ನೋವು ಎಡಗೈಗೆ, ದವಡೆಗೆ ಅಥವಾ ಬೆನ್ನಿಗೆ ಹರಡಿ, ತಣ್ಣನೆ ಬೆವರು ಬಂದರೆ ನಡೆದಾಡಬೇಡಿ. ಕುಳಿತುಕೊಂಡು 108ಕ್ಕೆ ಕರೆ ಮಾಡಿಸಿ. ಆಸ್ಪಿರಿನ್ ಅಲರ್ಜಿ ಇಲ್ಲದಿದ್ದರೆ, ಎಲ್ಲೂ ರಕ್ತಸ್ರಾವ ಇಲ್ಲದಿದ್ದರೆ 300 ಮಿಲಿಗ್ರಾಂನಷ್ಟು ಆಸ್ಪಿರಿನ್ ಜಗಿದು ನುಂಗಿ. ಹಾಗೇ ನುಂಗಿದರೆ ಕೆಲಸ ಶುರುವಾಗಲು ತಡ. ಬೈಕ್ ಓಡಿಸಿಕೊಂಡು ಆಸ್ಪತ್ರೆಗೆ ಹೋಗಬೇಡಿ.

ಆಸ್ಪತ್ರೆ ತಲುಪಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ರಕ್ತನಾಳ ಪೂರ್ತಿ ಮುಚ್ಚಿದ ಹೃದಯಾಘಾತ ಎಂದು ಗೊತ್ತಾದಾಗ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಿದ್ದರೆ ಅದೇ ಉತ್ತಮ. ಸಾಧ್ಯವಿಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ನಂತರ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಜಯದೇವದಂಥ ಕೇಂದ್ರದ ತಜ್ಞರ ಸಲಹೆ ಪಡೆದು ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುತ್ತಾರೆ. ಹಳ್ಳಿಯಲ್ಲಿರುವವರು ಬೆಂಗಳೂರಿಗೋ ಹುಬ್ಬಳ್ಳಿಗೋ ಕಾರು ಹುಡುಕುತ್ತ ಎರಡು ಗಂಟೆ ಕಳೆಯುವುದಕ್ಕಿಂತ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗೆ ಹೋಗುವುದೇ ಮೇಲು.

ಕ್ಯಾಂಪಿನಲ್ಲಿದ್ದರೆ ಜೊತೆಯವರಿಗೆ ಕೂಡಲೇ ಹೇಳಿ ಎಂಐ ರೂಮಿಗೆ (ಯುನಿಟ್ಟಿನ ವೈದ್ಯಕೀಯ ಕೊಠಡಿಗೆ) ಹೋಗಿ. "ಗ್ಯಾಸ್ಟ್ರಿಕ್ ಇರಬೇಕು, ಓಟ ಮುಗಿಸಿಬಿಡೋಣ" ಎಂದುಕೊಂಡು ಸೋಡಾ ಕುಡಿದು ಮಲಗಿದವರು ಬೆಳಗಾಗುವಷ್ಟರಲ್ಲಿ ಹೃದಯದ ಒಂದು ಭಾಗವನ್ನೇ ಕಳೆದುಕೊಂಡಿರುತ್ತಾರೆ.

ಮನೆಯಲ್ಲಿದ್ದಾಗ ಹೃದಯಾಘಾತವಾದರೆ ಅದು ಮಿಲಿಟರಿ ಸೇವೆಯ ಲೆಕ್ಕಕ್ಕೆ ಬರುತ್ತದೆಯೇ?

ಆ ದಿನ ನೀವು ಎಂಬಾಡೀಡ್ ಆಗಿದ್ದಿರೋ (ಸೇನೆಯ ಕರೆಯಂತೆ ಡ್ಯೂಟಿಯಲ್ಲಿದ್ದಿರೋ) ಇಲ್ಲವೋ ಎನ್ನುವುದು ಮೊದಲ ಪ್ರಶ್ನೆ. 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯಡಿ ಎಂಬಾಡಿಮೆಂಟ್ ಅವಧಿಯಲ್ಲಿ ನೀವು ಸೈನಿಕರು, ಸೇನಾ ಕಾಯ್ದೆ ನಿಮಗೆ ಅನ್ವಯಿಸುತ್ತದೆ. ಡಿಸ್‌ಎಂಬಾಡಿಮೆಂಟ್ ಆದ ಮೇಲೆ ನೀವು ನಾಗರಿಕರು. ಅಂಗವೈಕಲ್ಯ ಪಿಂಚಣಿ ಸಿಗಬೇಕಾದರೆ ಕಾಯಿಲೆಗೆ ಎಂಬಾಡೀಡ್ ಸೇವೆ ಕಾರಣವಾಗಿರಬೇಕು, ಇಲ್ಲವೇ ಆ ಸೇವೆಯಿಂದ ಅದು ಉಲ್ಬಣಿಸಿರಬೇಕು.

ಕಾಶ್ಮೀರದಲ್ಲೋ ಈಶಾನ್ಯದಲ್ಲೋ ಡ್ಯೂಟಿಯಲ್ಲಿದ್ದಾಗ ಬಂದದ್ದು ಸ್ಪಷ್ಟವಾಗಿ ಸೇವೆಯೊಳಗೆ. ಕ್ಯಾಂಪಿನಲ್ಲಿ ಬಂದದ್ದೂ ಹಾಗೆಯೇ. ಎಂಬಾಡೀಡ್ ಆಗಿದ್ದು ಮಂಜೂರಾದ ರಜೆಯಲ್ಲಿ ಊರಿಗೆ ಬಂದಾಗ ಆದರೂ ಸೇವೆಯ ಅವಧಿ ಮುರಿಯುವುದಿಲ್ಲ. ರಜೆಯಲ್ಲಿದ್ದಾಗ ಅಪಘಾತದಲ್ಲಿ ಕಾಲು ಕಳೆದುಕೊಂಡ ಟಿಎ ಇಕಾಲಜಿಕಲ್ ಟಾಸ್ಕ್ ಫೋರ್ಸ್ ಸೈನಿಕರೊಬ್ಬರಿಗೆ ಅಂಗವೈಕಲ್ಯ ಪಿಂಚಣಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರ್ 17ರಂದು ತೀರ್ಪಿತ್ತಿದೆ. "ಟಿಎಯವರಿಗೆ ಪಿಂಚಣಿ ಇಲ್ಲವೇ ಇಲ್ಲ" ಎಂದು ಕ್ಲರ್ಕ್ ಕಿಟಕಿಯಿಂದಲೇ ವಾಪಸು ಕಳಿಸಿದರೆ ಈ ತೀರ್ಪಿನ ದಿನಾಂಕ ನೆನಪಿರಲಿ. ಅದು ಗಾಯದ ಕೇಸು, ಕಾಯಿಲೆಯದಲ್ಲ ಎನ್ನುವುದೂ ನೆನಪಿರಲಿ. ಕಾಯಿಲೆಯಲ್ಲಿ ಸೇವೆಯ ನಂಟನ್ನು ಬೇರೆಯಾಗಿ ತೋರಿಸಬೇಕಾಗುತ್ತದೆ.

ಡಿಸ್‌ಎಂಬಾಡೀಡ್ ಆಗಿ ನಿಮ್ಮ ಅಂಗಡಿಯಲ್ಲಿ ಕುಳಿತಿದ್ದಾಗ ಮೊದಲ ಬಾರಿಗೆ ಎದೆನೋವು ಬಂದರೆ ಸಾಮಾನ್ಯವಾಗಿ ಅದು ಸೇವೆಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಆ ನೋವು ನಿಜವಾಗಿ ಕ್ಯಾಂಪಿನಲ್ಲೇ ಶುರುವಾಗಿತ್ತೇ? ಓಟದ ಮಧ್ಯೆ ಎದೆ ಬಿಗಿದು ನಿಂತುಬಿಟ್ಟಿದ್ದಿರಾ? ಆ ದಿನ ಎಂಐ ರೂಮಿನ ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಇದ್ದರೆ ಇಡೀ ಕೇಸಿನ ದಿಕ್ಕೇ ಬೇರೆ. ಇಲ್ಲದಿದ್ದರೆ ನಿಮ್ಮ ಮಾತು ಬರೀ ಮಾತಾಗಿ ಉಳಿಯುತ್ತದೆ. ಟಿಎಯಲ್ಲಿ ಹೃದಯದ ಕೇಸು ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಈ ಮೊದಲ ಲಕ್ಷಣದ ದಿನಾಂಕದಲ್ಲೇ.

ಹಾಗಾದರೆ ಯಾವ ಕಾಗದಗಳನ್ನು ಹಿಡಿದಿಟ್ಟುಕೊಳ್ಳಬೇಕು?

ಮೊದಲನೆಯದು ಎಂಬಾಡಿಮೆಂಟ್ ಮತ್ತು ಡಿಸ್‌ಎಂಬಾಡಿಮೆಂಟ್ ಆದೇಶ, ಅದನ್ನು ಸೇವಾ ದಾಖಲೆಗೆ ಸೇರಿಸುವ ಯುನಿಟ್ ಆದೇಶವಾದ ಪಾರ್ಟ್ 2 ಆರ್ಡರ್‌ನ ಪ್ರತಿ. ಸೇರಿದಾಗಿನ ವೈದ್ಯಕೀಯ ಪರೀಕ್ಷೆಯ ದಾಖಲೆ ಬೇಕು. ಆಗ ನೀವು ಶೇಪ್-1 (ಎಲ್ಲ ಡ್ಯೂಟಿಗೂ ಯೋಗ್ಯ) ಆಗಿದ್ದಿರಿ ಎನ್ನುವುದಕ್ಕೆ ಅದೇ ಸಾಕ್ಷಿ. ನಂತರದ ಪ್ರತಿ ವಾರ್ಷಿಕ ತಪಾಸಣೆಯ ಪ್ರತಿ, ಬಿಪಿ, ಸಕ್ಕರೆ, ಇಸಿಜಿ ಸಮೇತ ಇರಲಿ.

ಆಸ್ಪತ್ರೆಯಿಂದ ಪಡೆಯಬೇಕಾದ್ದರಲ್ಲಿ ಜನ ಮರೆಯುವುದು ಮೊಟ್ಟಮೊದಲ ಇಸಿಜಿ. ಅದು ಥರ್ಮಲ್ ಕಾಗದದಲ್ಲಿ ಇರುತ್ತದೆ, ಒಂದೆರಡು ವರ್ಷದಲ್ಲಿ ಅಳಿಸಿಹೋಗುತ್ತದೆ. ಅದೇ ದಿನ ಝೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೊ ಹಿಡಿದಿಡಿ. ಜೊತೆಗೆ ಟ್ರೊಪೋನಿನ್ (ಹೃದಯ ಸ್ನಾಯುವಿನ ಹಾನಿ ತೋರಿಸುವ ರಕ್ತಪರೀಕ್ಷೆ) ವರದಿ, ಎಕೋ ವರದಿ, ಆಂಜಿಯೋಗ್ರಾಮ್‌ನ ಸಿಡಿ (ವರದಿ ಮಾತ್ರ ಸಾಲದು), ಹಾಕಿದ ಸ್ಟೆಂಟಿನ ಸ್ಟಿಕ್ಕರ್, ಡಿಸ್‌ಚಾರ್ಜ್ ಸಮರಿ.

ಡಿಸ್‌ಚಾರ್ಜ್ ಸಮರಿಯನ್ನು ಆಸ್ಪತ್ರೆ ಬಿಡುವ ಮುನ್ನ ಓದಿ. "ಆರು ತಿಂಗಳಿಂದ ಎದೆನೋವು" ಎಂದು ಜೂನಿಯರ್ ಡಾಕ್ಟರು ಅವಸರದಲ್ಲಿ ಬರೆದಿರುತ್ತಾರೆ, ನೀವು ಹೇಳಿದ್ದು ಆರು ದಿನ. ಈ ಒಂದು ಸಾಲು ಮುಂದೆ ಬೋರ್ಡಿನ ಮುಂದೆ ನಿಮ್ಮ ವಿರುದ್ಧವೇ ನಿಲ್ಲುತ್ತದೆ. ತಪ್ಪಿದ್ದರೆ ಆಗಲೇ ತಿದ್ದಿಸಿ, ಸಹಿ ಸೀಲು ಹಾಕಿಸಿ. ನಿಜವಾಗಿ ಆರು ತಿಂಗಳಿಂದ ನೋವಿದ್ದರೆ ಅದನ್ನು ಬದಲಿಸಲು ಹೋಗಬೇಡಿ. ಸುಳ್ಳು ಇತಿಹಾಸದ ಮೇಲೆ ಡಾಕ್ಟರು ಚಿಕಿತ್ಸೆ ನಿರ್ಧರಿಸಿದರೆ ನಷ್ಟ ನಿಮಗೇ.

ರಜೆಯಲ್ಲಿದ್ದಾಗ ಖಾಸಗಿ ಆಸ್ಪತ್ರೆಗೆ ಸೇರಿದೆ. ಬಿಲ್ಲು ಯಾರು ಕೊಡುತ್ತಾರೆ?

ಎಂಬಾಡೀಡ್ ಆಗಿದ್ದು, ನಿಜವಾದ ತುರ್ತು ಸ್ಥಿತಿಯಲ್ಲಿ ಸೇರಿದ್ದರೆ ಮರುಪಾವತಿಗೆ ಅರ್ಜಿ ಹಾಕಬಹುದು. ತುರ್ತಾಗಿತ್ತು ಎಂದು ಆಸ್ಪತ್ರೆಯ ಎಮರ್ಜೆನ್ಸಿ ಸರ್ಟಿಫಿಕೇಟ್, ಔಷಧಿ ಮತ್ತು ಉಪಕರಣಗಳು ಅಗತ್ಯವಾಗಿದ್ದವು ಎಂಬ ಎಸೆನ್ಷಿಯಾಲಿಟಿ ಸರ್ಟಿಫಿಕೇಟ್, ಮೂಲ ಬಿಲ್ಲುಗಳು ಬೇಕು. ಎಲ್ಲಕ್ಕಿಂತ ಮುಖ್ಯ, ಸೇರಿದ ದಿನವೇ ಮನೆಯವರು ಯುನಿಟ್ಟಿಗೂ ಹತ್ತಿರದ ಮಿಲಿಟರಿ ಆಸ್ಪತ್ರೆ ಅಥವಾ ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ಗೂ ತಿಳಿಸಬೇಕು. ಫೋನು ಮಾಡಿ ಸುಮ್ಮನಾಗಬೇಡಿ, ಇಮೇಲ್ ಅಥವಾ ವಾಟ್ಸ್‌ಆಪ್ ಸಂದೇಶವನ್ನೂ ಕಳಿಸಿ, ದಿನಾಂಕ ಸಮಯ ಉಳಿಯುತ್ತದೆ. ಸ್ಥಿತಿ ಸುಧಾರಿಸಿದ ಮೇಲೆ ಮಿಲಿಟರಿ ಆಸ್ಪತ್ರೆಗೆ ಸ್ಥಳಾಂತರಿಸಲು ಕೇಳುತ್ತಾರೆ. ಬೆಂಗಳೂರಿನಲ್ಲಿ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆ ಇದೆ, ಬೆಳಗಾವಿಯಲ್ಲಿ ಮಿಲಿಟರಿ ಆಸ್ಪತ್ರೆ ಇದೆ, ಬೈಪಾಸ್ ಅಥವಾ ಕವಾಟದ ಶಸ್ತ್ರಚಿಕಿತ್ಸೆಯಂಥ ದೊಡ್ಡ ಕೆಲಸಕ್ಕೆ ಪುಣೆಯ ಆರ್ಮಿ ಇನ್‌ಸ್ಟಿಟ್ಯೂಟ್ ಆಫ್ ಕಾರ್ಡಿಯೋ ಥೊರಾಸಿಕ್ ಸೈನ್ಸಸ್ ಇದೆ. ಸ್ಥಳಾಂತರವನ್ನು ಕಾರಣವಿಲ್ಲದೆ ನಿರಾಕರಿಸಿದರೆ ಆಮೇಲಿನ ಬಿಲ್ಲಿಗೆ ತಕರಾರು ಬರುತ್ತದೆ.

ಸ್ಟೆಂಟಿನ ಬೆಲೆಗೆ 2017ರ ಫೆಬ್ರುವರಿಯಿಂದ ಕೇಂದ್ರ ಸರಕಾರದ ಮಿತಿ ಇದೆ. ಬಿಲ್ಲಿನಲ್ಲಿ ಸ್ಟೆಂಟಿನ ಹೆಸರು, ಬ್ಯಾಚ್ ಸಂಖ್ಯೆ, ಬೆಲೆ ಪ್ರತ್ಯೇಕವಾಗಿ ನಮೂದಾಗಿರಬೇಕು. "ಪ್ಯಾಕೇಜ್" ಎಂದು ಒಂದೇ ಸಾಲಿನಲ್ಲಿ ಬರೆದ ಬಿಲ್ಲು ಮರುಪಾವತಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಶೇಪ್ ಎಂದರೇನು? ನನ್ನನ್ನು "ಪಿ3 ಟಿ24" ಎಂದು ಬರೆದಿದ್ದಾರೆ.

ಶೇಪ್‌ನ ಐದು ಅಕ್ಷರಗಳು ಮನಸ್ಸು, ಕಿವಿ, ಕೈಕಾಲು, ದೈಹಿಕ ಸಾಮರ್ಥ್ಯ, ಕಣ್ಣು ಇವುಗಳಿಗೆ. ಹೃದಯ ಬರುವುದು ನಾಲ್ಕನೆಯದಾದ ಪಿ ಅಡಿಯಲ್ಲಿ. 1 ಎಂದರೆ ಎಲ್ಲ ಡ್ಯೂಟಿಗೂ ಯೋಗ್ಯ, 2 ಮತ್ತು 3 ಎಂದರೆ ಮಿತಿಗಳೊಂದಿಗೆ, 4 ಎಂದರೆ ಆಸ್ಪತ್ರೆಯಲ್ಲಿ ಅಥವಾ ಸಿಕ್ ಲೀವ್‌ನಲ್ಲಿ, 5 ಎಂದರೆ ಸೇವೆಗೆ ಕಾಯಂ ಅಯೋಗ್ಯ. ಟಿ24 ಎಂದರೆ 24 ವಾರಗಳ ತಾತ್ಕಾಲಿಕ ದರ್ಜೆ. ಅದು ಮುಗಿದಾಗ ಮತ್ತೆ ಬೋರ್ಡು ಕೂರುತ್ತದೆ. ಕಾಯಂ ದರ್ಜೆಯಾದರೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮರುಪರಿಶೀಲನೆ.

ದರ್ಜೆ ನಿಗದಿಯ ಬೋರ್ಡಿನ ನಡಾವಳಿ ಎಎಫ್‌ಎಂಎಸ್‌ಎಫ್-15ರಲ್ಲಿ ಇರುತ್ತದೆ. ಸೇವೆಯಿಂದ ಹೊರಹೋಗುವಾಗಿನ ಬೋರ್ಡಿನದು ಎಎಫ್‌ಎಂಎಸ್‌ಎಫ್-16. ಪಿಂಚಣಿಯ ಹಣೆಬರಹ ಬರೆಯುವುದು 16ರಲ್ಲಿ, ಆದರೆ 16ರಲ್ಲಿ ಏನು ಬರೆಯುತ್ತಾರೆ ಎನ್ನುವುದು 15ರಲ್ಲಿ ಹಿಂದೆ ಏನು ಬರೆದಿದ್ದಾರೆ ಎನ್ನುವುದನ್ನೇ ಬಹಳಮಟ್ಟಿಗೆ ಅನುಸರಿಸುತ್ತದೆ. ಆದ್ದರಿಂದ ಮೊದಲ ಬೋರ್ಡನ್ನೇ ಗಂಭೀರವಾಗಿ ತೆಗೆದುಕೊಳ್ಳಿ.

"14 ದಿನದ ಚಾರ್ಟರ್ ಆಫ್ ಡ್ಯೂಟೀಸ್" ಎಂದರೇನು? ಅದಕ್ಕೇಕೆ ಇಷ್ಟು ಮಹತ್ವ?

ಹೃದಯದ ರಕ್ತನಾಳದ ಕಾಯಿಲೆಗೆ ಸೇವೆ ಕಾರಣವೇ ಎಂದು ನೋಡುವಾಗ ಬೋರ್ಡಿನವರು ಲಕ್ಷಣ ಶುರುವಾಗುವ ಮುಂಚಿನ 14 ದಿನ ನೀವು ಏನು ಡ್ಯೂಟಿ ಮಾಡಿದಿರಿ ಎಂದು ಪರಿಶೀಲಿಸುತ್ತಾರೆ. ಆ ವಿವರ ಕೊಡುವುದು ನಿಮ್ಮ ಕಮಾಂಡಿಂಗ್ ಆಫೀಸರ್ (ಸಿಓ). ಕೊಬ್ಬು, ಸಿಗರೇಟು, ಮನೆತನದ ಇತಿಹಾಸ, ಸಕ್ಕರೆ ಕಾಯಿಲೆ ಇವೆಲ್ಲ ಸೇರಿ ವರ್ಷಗಟ್ಟಲೆ ರಕ್ತನಾಳ ಕಿರಿದಾಗಿರುತ್ತದೆ, ನಿಜ. ಆದರೆ ಆ ದಿನ ನಾಳದೊಳಗಿನ ಕೊಬ್ಬಿನ ಪದರ ಒಡೆದು ಹೆಪ್ಪುಗಟ್ಟಲು ತೀವ್ರ ಶ್ರಮ, ಎತ್ತರದ ಪ್ರದೇಶ, ನಿದ್ದೆಗೆಟ್ಟ ಕಾರ್ಯಾಚರಣೆ ಕಾರಣವಾಗಬಹುದು.

ಇಲ್ಲೇ ಕೇಸುಗಳು ಹಾಳಾಗುವುದು. ಸೈನಿಕರು ಆಸ್ಪತ್ರೆಯಲ್ಲಿದ್ದಾರೆ, ಯುನಿಟ್ ಬೇರೆ ಕಡೆ ಹೊರಟಿದೆ, ಹೆಡ್ ಕ್ಲರ್ಕ್ "ನಾರ್ಮಲ್ ಯುನಿಟ್ ಡ್ಯೂಟೀಸ್" ಎಂದು ಮೂರು ಪದ ಬರೆದು ಸಹಿಗೆ ಇಡುತ್ತಾರೆ. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಆದರೆ ಬೋರ್ಡಿನ ಮುಂದೆ ಇರುವುದು ಆ ಮೂರೇ ಪದ.

ಆದ್ದರಿಂದ ಮಾತಾಡುವಷ್ಟು ಶಕ್ತಿ ಬಂದ ಕೂಡಲೇ ಆ 14 ದಿನಗಳನ್ನು ದಿನಕ್ಕೊಂದು ಸಾಲಿನಂತೆ ಬರೆಯಿರಿ, ಅಥವಾ ಮನೆಯವರಿಂದ ಬರೆಸಿ. ಯಾವ ದಿನ ಗಾರ್ಡ್, ಎಷ್ಟು ಗಂಟೆ, ರಾತ್ರಿ ಎಷ್ಟು ಹೊತ್ತು ನಿದ್ದೆ, ರೋಡ್ ಓಪನಿಂಗ್ ಪಾರ್ಟಿಯಲ್ಲಿ (ರಸ್ತೆ ಸುರಕ್ಷಿತವೇ ಎಂದು ಪರೀಕ್ಷಿಸುವ ತಂಡದಲ್ಲಿ) ಎಷ್ಟು ಕಿಲೋಮೀಟರ್ ನಡಿಗೆ, ಎಷ್ಟು ಭಾರ, ಯಾವ ಎತ್ತರ, ಬಿಪಿಇಟಿ (ಸೇನೆಯ ದೈಹಿಕ ಸಾಮರ್ಥ್ಯ ಪರೀಕ್ಷೆ) ಓಡಿದ ದಿನ ಯಾವುದು. ಸೇನೆ 2,700 ಮೀಟರಿಗಿಂತ ಮೇಲಿನದನ್ನು ಹೈ ಆಲ್ಟಿಟ್ಯೂಡ್ ಎಂದು ಲೆಕ್ಕಿಸುತ್ತದೆ. ಮೊದಲ ಹಂತದಲ್ಲಿ 6 ದಿನ, ಮುಂದಿನ ಎರಡು ಹಂತಗಳಲ್ಲಿ ತಲಾ 4 ದಿನ ಹೊಂದಿಕೊಳ್ಳುವ ಅವಧಿ ಕೊಡಬೇಕು. ಅದು ಸಿಕ್ಕಿತ್ತೇ ಇಲ್ಲವೇ ಬರೆಯಿರಿ. ಇದನ್ನು ಕಂಪನಿ ಕಮಾಂಡರ್ ಮೂಲಕ ಸಿಓ ಸಾಹೇಬರಿಗೆ ಬರಹದಲ್ಲಿ ಕಳಿಸಿ, ಡ್ಯೂಟಿ ರಿಜಿಸ್ಟರಿನೊಂದಿಗೆ ತಾಳೆ ನೋಡಿ ಸೇರಿಸುವಂತೆ ಗೌರವದಿಂದ ಕೇಳಿ. ನೋಡದ ಯಾವುದನ್ನೂ ಅವರಿಂದ ಬರೆಸಬೇಡಿ. ರಿಜಿಸ್ಟರಿಗೆ ಹೊಂದದ ಒಂದು ಸಾಲು ಉಳಿದ ಹದಿಮೂರನ್ನೂ ಅನುಮಾನಕ್ಕೆ ಈಡುಮಾಡುತ್ತದೆ.

ಡಿಸ್‌ಎಂಬಾಡೀಡ್ ಆಗಿದ್ದಾಗ ಸ್ಟೆಂಟ್ ಹಾಕಿಸಿಕೊಂಡೆ. ಮುಂದಿನ ಕ್ಯಾಂಪಿಗೆ ಹೇಳದೆ ಹೋದರೆ ಏನಾಗುತ್ತದೆ?

ದಯವಿಟ್ಟು ಹಾಗೆ ಮಾಡಬೇಡಿ. ಶೇಪ್-1 ಹೋಗುತ್ತದೆ, ಜೊತೆಯವರ ಮುಂದೆ ಮಾನ ಹೋಗುತ್ತದೆ ಎನ್ನುವ ಭಯ ನಮಗೆ ಅರ್ಥವಾಗುತ್ತದೆ. ಆದರೆ ಹೊಸ ಸ್ಟೆಂಟ್ ಇರುವವರು ಎರಡು ಬಗೆಯ ರಕ್ತ ತೆಳುಮಾಡುವ ಮಾತ್ರೆ ತಿನ್ನುತ್ತಿರುತ್ತಾರೆ. ಅವರಿಗೆ ಗಾಯವಾದರೆ ರಕ್ತ ನಿಲ್ಲುವುದು ತಡ, ಮತ್ತು ಚಿಕಿತ್ಸೆ ಕೊಡುವ ನರ್ಸಿಂಗ್ ಅಸಿಸ್ಟೆಂಟ್‌ಗೆ ಆ ವಿಷಯ ಗೊತ್ತಿರುವುದಿಲ್ಲ. ಮಾತ್ರೆ ಯಾರಿಗೂ ಕಾಣಬಾರದೆಂದು ಕ್ಯಾಂಪಿನಲ್ಲಿ ಒಂದೆರಡು ವಾರ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಬಹುದು. ಅದು ಮೊದಲ ಹೃದಯಾಘಾತಕ್ಕಿಂತ ಹೆಚ್ಚು ಪ್ರಾಣಾಂತಕ.

ರಿಪೋರ್ಟ್ ಮಾಡುವ ಮೊದಲೇ ಡಿಸ್‌ಚಾರ್ಜ್ ಸಮರಿಯ ಪ್ರತಿಯೊಂದಿಗೆ ಯುನಿಟ್ಟಿನ ಆಡಳಿತ ನೋಡುವ ಅಧಿಕಾರಿಯಾದ ಅಡ್ಜುಟೆಂಟ್‌ಗೆ ಬರೆಯಿರಿ.

ಟಿಎಯಲ್ಲಿ ಮುಂದುವರಿಯಬಹುದೇ?

ಕಾಯಿಲೆ ಯಾವುದು, ಹೃದಯದಲ್ಲಿ ಎಷ್ಟು ಬಲ ಉಳಿದಿದೆ ಎನ್ನುವುದರ ಮೇಲೆ ನಿಂತಿದೆ. ಎಕೋ ವರದಿಯಲ್ಲಿ ಎಲ್‌ವಿಇಎಫ್ ಎಂಬ ಶೇಕಡಾವಾರು ಸಂಖ್ಯೆ ನೋಡಿ. 55ರ ಆಸುಪಾಸು ಅಥವಾ ಮೇಲಿದ್ದರೆ ಪಂಪಿಂಗ್ ಚೆನ್ನಾಗಿದೆ. 40 ಅಥವಾ ಕಡಿಮೆಯಿದ್ದರೆ ಗಣನೀಯವಾಗಿ ಕುಗ್ಗಿದೆ. ಹೃದಯಾಘಾತವಾಗಿ 40 ದಿನ ಕಳೆದು, ಮೂರು ತಿಂಗಳು ಸರಿಯಾದ ಔಷಧಿ ಕೊಟ್ಟ ಮೇಲೂ 35 ಅಥವಾ ಅದಕ್ಕಿಂತ ಕೆಳಗಿದ್ದರೆ ಐಸಿಡಿ ಯಂತ್ರದ (ಬಡಿತ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸಲು ಮೈಯೊಳಗೆ ಇಡುವ ಸಾಧನದ) ಮಾತು ಬರುತ್ತದೆ. ಮೊದಲ ವಾರದ ಎಕೋ ನೋಡಿ ಎದೆಗುಂದಬೇಡಿ. ಹೊಡೆತ ತಿಂದ ಸ್ನಾಯುವಿನ ಒಂದು ಭಾಗ ಸತ್ತಿರುವುದಿಲ್ಲ, ಮಂಕಾಗಿರುತ್ತದೆ ಅಷ್ಟೆ. ಆರರಿಂದ ಹನ್ನೆರಡು ವಾರದಲ್ಲಿ ಸಂಖ್ಯೆ ಏರುವುದುಂಟು.

ಒಂದೇ ನಾಳಕ್ಕೆ ಸ್ಟೆಂಟ್, ಒಳ್ಳೆಯ ಎಲ್‌ವಿಇಎಫ್ ಇದ್ದವರು ತಾತ್ಕಾಲಿಕ ದರ್ಜೆ ಮುಗಿಸಿ ಮಿತಿಗಳೊಂದಿಗೆ ಉಳಿಯುವ ಸಾಧ್ಯತೆ ಇದೆ. ಆದರೆ ಕಡಿಮೆ ದರ್ಜೆಯವರನ್ನು ಇಟ್ಟುಕೊಳ್ಳಲು ಯುನಿಟ್ಟಿನಲ್ಲಿ ಅವರಿಗೆ ತಕ್ಕ ಹಗುರ ಕೆಲಸದ ಜಾಗ, ಅಂದರೆ ಶೆಲ್ಟರ್ಡ್ ಅಪಾಯಿಂಟ್‌ಮೆಂಟ್ ಇರಬೇಕು, ಟಿಎಯಲ್ಲಿ ಅಂಥ ಜಾಗಗಳು ಕಡಿಮೆ. ಹೃದಯ ಸ್ನಾಯುವಿನ ಉರಿಯೂತ, ಅಂದರೆ ಮಯೋಕಾರ್ಡೈಟಿಸ್ ಬಂದವರು ಮೂರರಿಂದ ಆರು ತಿಂಗಳು ಶ್ರಮದ ವ್ಯಾಯಾಮ ಪೂರ್ತಿ ಬಿಡಬೇಕು, ಪೂರ್ಣ ಗುಣವಾದರೆ ಮರಳಬಹುದು. ಲೋಹದ ಕವಾಟ ಹಾಕಿಸಿಕೊಂಡವರು ಜೀವನಪೂರ್ತಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತಿನ್ನಬೇಕು, ಅದರ ಪ್ರಮಾಣ ಸರಿಯಿದೆಯೇ ನೋಡುವ ಐಎನ್‌ಆರ್ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಅವರಿಗೆ, ಐಸಿಡಿ ಇರುವವರಿಗೆ, ಹೃದಯ ಸ್ನಾಯು ದಪ್ಪಗಾಗುವ ಎಚ್‌ಸಿಎಂ ಇರುವವರಿಗೆ ಫೀಲ್ಡ್ ಸೇವೆ ಮುಗಿಯಿತೆಂದೇ ತಿಳಿದು ಯೋಜನೆ ಮಾಡುವುದು ಪ್ರಾಮಾಣಿಕ ಸಲಹೆ. ಎಚ್‌ಸಿಎಂ ವಂಶವಾಹಿ ಕಾಯಿಲೆ. ನಿಮಗೆ ಬಂದಿದ್ದರೆ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೂ ಇಸಿಜಿ, ಎಕೋ ಮಾಡಿಸಿ.

ಟಿಎಂಟಿ ಪಾಸಾಯಿತು. ಇನ್ನು ಓಡಬಹುದಲ್ಲವೇ?

ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತವೆ. 9 ನಿಮಿಷ ಮುಗಿಸಿದರೆ ಸುಮಾರು 10 ಮೆಟ್ ಶ್ರಮ, ಅಂದರೆ ಸುಮ್ಮನೆ ಕುಳಿತಾಗ ಬೇಕಾಗುವ ಶಕ್ತಿಯ ಹತ್ತು ಪಟ್ಟು. ಮನೆ ಬದುಕಿಗೆ ಅದು ಬಹಳ ಒಳ್ಳೆಯ ಫಲಿತಾಂಶ. ಆದರೆ ಬಿಪಿಇಟಿಯ 5 ಕಿಲೋಮೀಟರನ್ನು 28 ನಿಮಿಷದಲ್ಲಿ ಓಡುವವರ ವೇಗ ಗಂಟೆಗೆ 10.7 ಕಿಲೋಮೀಟರ್. ಖಾಲಿ ಮೈಯಲ್ಲಿ ಓಡಿದರೇ ಅದು 10 ಮೆಟ್ ದಾಟುತ್ತದೆ, ಮೇಲೆ ಪ್ಯಾಕ್ ಮತ್ತು ರೈಫಲ್ ಬೇರೆ. ಲ್ಯಾಬಿನ ತಂಪಿನಲ್ಲಿ, ಡಾಕ್ಟರು ಪಕ್ಕದಲ್ಲಿದ್ದಾಗ 9 ನಿಮಿಷ ತಾಳಿದ ಹೃದಯಕ್ಕೆ ಮೇ ತಿಂಗಳ ಬಿಸಿಲಿನ ಅರ್ಧ ಗಂಟೆ ಬೇರೆಯದೇ ಪರೀಕ್ಷೆ.

ಹೃದಯಾಘಾತದ ನಂತರ ಡಾಕ್ಟರು ಒಪ್ಪಿದ ಮೇಲೆ ಸಮತಟ್ಟು ನೆಲದಲ್ಲಿ ದಿನಕ್ಕೆರಡು ಸಲ 5ರಿಂದ 10 ನಿಮಿಷ ನಡಿಗೆಯಿಂದ ಶುರುಮಾಡಿ, ಆರು ವಾರದೊಳಗೆ 30 ನಿಮಿಷಕ್ಕೆ ತನ್ನಿ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸರಿ. ಬೀಟಾ ಬ್ಲಾಕರ್ ಮಾತ್ರೆ ತಿನ್ನುವವರು ಗಡಿಯಾರದ ನಾಡಿಬಡಿತ ನಂಬಬೇಡಿ, ಮಾತ್ರೆ ಅದನ್ನು ಹಿಡಿದಿಟ್ಟಿರುತ್ತದೆ. ಬೈಪಾಸ್ ಆದವರು ಎದೆಮೂಳೆ ಕೂಡುವ ತನಕ, ಎಂಟರಿಂದ ಹನ್ನೆರಡು ವಾರ, ಭಾರ ಎತ್ತಬಾರದು, ಪುಷ್ ಅಪ್ ಅಂತೂ ಬೇಡ. ಬೋರ್ಡಿನ ಲಿಖಿತ ಅನುಮತಿ ಇಲ್ಲದೆ ಯಾರು ಹುರಿದುಂಬಿಸಿದರೂ ಬಿಪಿಇಟಿ ಓಡಬೇಡಿ.

ಕ್ಯಾಂಪಿಗೆ ಮಾತ್ರೆ ಹೇಗೆ ಒಯ್ಯುವುದು? ಏನು ಜಾಗ್ರತೆ?

ಕ್ಯಾಂಪಿನ ದಿನಗಳಿಗಿಂತ ಹತ್ತು ದಿನ ಹೆಚ್ಚಿನ ಮಾತ್ರೆ ಒಯ್ಯಿರಿ, ಅರ್ಧ ಟ್ರಂಕಿನಲ್ಲಿ, ಅರ್ಧ ಕೈಚೀಲದಲ್ಲಿ. ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದರೆ ಆಸ್ಪಿರಿನ್ ಜೊತೆ ಕ್ಲೊಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್ ಸಾಮಾನ್ಯವಾಗಿ 12 ತಿಂಗಳು. ಹಲ್ಲು ಕೀಳಿಸಲು ಹೋದಾಗ ದಂತವೈದ್ಯರು ನಿಲ್ಲಿಸಲು ಹೇಳಿದರೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಟಿಕಾಗ್ರೆಲಾರ್ ದಿನಕ್ಕೆ ಎರಡು ಸಲ. ರಾತ್ರಿ ಗಾರ್ಡಿನಲ್ಲಿ ಮರೆತುಹೋಗುವುದು ಇದೇ ಮಾತ್ರೆ, ಮೊಬೈಲ್ ಅಲಾರಾಂ ಇಟ್ಟುಕೊಳ್ಳಿ.

ಮೊಣಕಾಲು ನೋವಿಗೆ ಬ್ರೂಫೆನ್, ಡೈಕ್ಲೋಫೆನಾಕ್ ತಿನ್ನುವ ಅಭ್ಯಾಸ ಸೈನಿಕರಲ್ಲಿ ಬಹಳ. ಹೃದಯದ ಕಾಯಿಲೆ ಇದ್ದವರಿಗೆ ಅವು ಹೊಟ್ಟೆಯಲ್ಲಿ ರಕ್ತಸ್ರಾವಕ್ಕೂ ಮತ್ತೊಂದು ಹೃದಯಾಘಾತಕ್ಕೂ ದಾರಿ. ಪ್ಯಾರಸಿಟಮಾಲ್ ಸಾಕು. ಕ್ಲೊಪಿಡೋಗ್ರೆಲ್ ತಿನ್ನುವವರು ಅಸಿಡಿಟಿಗೆ ಒಮೆಪ್ರಜೋಲ್ ಬದಲು ಪ್ಯಾಂಟೊಪ್ರಜೋಲ್ ಕೇಳಿ. ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ 5 ಮಿಲಿಗ್ರಾಂ ಜೇಬಿನಲ್ಲಿರಲಿ, ಕುಳಿತೇ ಇಟ್ಟುಕೊಳ್ಳಿ, ನಿಂತರೆ ಬಿಪಿ ಇಳಿದು ಬೀಳುತ್ತೀರಿ. 5 ನಿಮಿಷದಲ್ಲಿ ನೋವು ಇಳಿಯದಿದ್ದರೆ ಆಂಬ್ಯುಲೆನ್ಸ್ ಕರೆಸಿ. ಲೈಂಗಿಕ ಸಮಸ್ಯೆಗೆ ತಿನ್ನುವ ಮಾತ್ರೆಗಳಾದ ಸಿಲ್ಡೆನಾಫಿಲ್ ತಿಂದ 24 ಗಂಟೆ, ಟಡಾಲಾಫಿಲ್ ತಿಂದ 48 ಗಂಟೆ ಸಾರ್ಬಿಟ್ರೇಟ್ ಮುಟ್ಟಬಾರದು. ನಾಚಿಕೆಪಟ್ಟು ಈ ವಿಷಯ ಮುಚ್ಚಿಟ್ಟರೆ ಜೀವಕ್ಕೇ ಅಪಾಯ.

ಎಲ್‌ಡಿಎಲ್ ಕೊಬ್ಬು 55ಕ್ಕಿಂತ ಕೆಳಗೆ ಬರಬೇಕು. ವರದಿಯಲ್ಲಿ "100ರೊಳಗೆ ನಾರ್ಮಲ್" ಎಂದು ಅಚ್ಚಾಗಿರುತ್ತದೆ, ಅದು ಹೃದಯಾಘಾತವಾದವರಿಗೆ ಅನ್ವಯಿಸುವುದಿಲ್ಲ.

ಬೋರ್ಡಿನಲ್ಲಿ "ನಾನಾ" ಎಂದು ಬರೆದಿದ್ದಾರೆ. ಎಲ್ಲ ಮುಗಿಯಿತೇ?

ನಾನಾ ಎಂದರೆ ಕಾಯಿಲೆಗೆ ಸೇವೆ ಕಾರಣವೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ ಎಂಬ ಅಭಿಪ್ರಾಯ. ಮುಗಿದಿಲ್ಲ. ಬೋರ್ಡು ಕಾರಣ ಬರೆದಿದೆಯೇ ನೋಡಿ. "ಜೀವನಶೈಲಿ ಕಾಯಿಲೆ" ಎಂದಷ್ಟೇ ಬರೆದು, 14 ದಿನದ ಡ್ಯೂಟಿಯ ಬಗ್ಗೆ ಒಂದು ಮಾತೂ ಇಲ್ಲದಿದ್ದರೆ ಅದೇ ನಿಮ್ಮ ಮೇಲ್ಮನವಿಯ ಮೊದಲ ಅಂಶ. ನಡಾವಳಿಯ ಪ್ರತಿ ಕೇಳಿ ಪಡೆಯಿರಿ, ಕೊಡದಿದ್ದರೆ ಆರ್‌ಟಿಐ ಹಾಕಿ. ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಸೋತರೆ ಎರಡನೆಯದು. ನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಅಂತಿಮ ಆದೇಶದಿಂದ ಆರು ತಿಂಗಳ ಗಡುವು ಅಲ್ಲೂ ಇದೆ. ಪತ್ರ ಬಂದ ಲಕೋಟೆಯನ್ನೂ ಎಸೆಯಬೇಡಿ, ಅಂಚೆಮುದ್ರೆಯ ದಿನಾಂಕ ಬೇಕಾಗುತ್ತದೆ.

ಸೇರುವಾಗ ಕಾಯಿಲೆಯ ಉಲ್ಲೇಖ ಇಲ್ಲದಿದ್ದರೆ ಆರೋಗ್ಯವಂತರಾಗಿಯೇ ಸೇರಿದರೆಂದು ಭಾವಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಇದನ್ನೊಂದನ್ನೇ ನಂಬಿ ಕೂರಬೇಡಿ. 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಬಂದಿವೆ, ಆಮೇಲೆ ಸೇವೆ ಬಿಟ್ಟವರ ಕೇಸು ಅವುಗಳಡಿ ಬರುತ್ತದೆ, ಸಾಕ್ಷ್ಯ ಬಲವಾಗಿರಬೇಕು.

ಹಣದ ಲೆಕ್ಕ ಹೀಗೆ. 100% ಅಂಗವೈಕಲ್ಯಕ್ಕೆ ಅಂಗವೈಕಲ್ಯ ಭಾಗ ಕೊನೆಯ ವೇತನದ 30%. ವೇತನ ₹60,000 ಆಗಿದ್ದರೆ ತಿಂಗಳಿಗೆ ₹18,000. ಬೋರ್ಡು 30% ಅಂಗವೈಕಲ್ಯ ಕೊಟ್ಟರೆ ₹5,400. ಕಾಯಿಲೆಯಿಂದ ಇನ್‌ವ್ಯಾಲಿಡ್ ಆಗಿ ಹೊರಬಂದವರಿಗೆ 50ಕ್ಕಿಂತ ಕಡಿಮೆಯದನ್ನು 50ಕ್ಕೆ ಏರಿಸುವ ನಿಯಮ ಅನ್ವಯಿಸಿದರೆ ₹9,000.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಟಿಎಯವರು ಮಾಜಿ ಸೈನಿಕರೆನಿಸುವುದು ನಿರಂತರ ಎಂಬಾಡೀಡ್ ಸೇವೆಯ ಪಿಂಚಣಿ ಇದ್ದರೆ, ಶೌರ್ಯ ಪ್ರಶಸ್ತಿ ಇದ್ದರೆ, ಅಥವಾ ಸೇವೆಯಿಂದ ಬಂದ ಅಂಗವೈಕಲ್ಯ ಇದ್ದರೆ ಮಾತ್ರ. ಹಾಗಾಗಿ ನಾನಾ ಎಂಬ ಪದ ಪಿಂಚಣಿಯ ಜೊತೆಗೆ ಈ ದಾರಿಯನ್ನೂ ಮುಚ್ಚುತ್ತದೆ.

ಸಿವಿಲ್ ಕೆಲಸ ಹೋಗುತ್ತದೆಯೇ?

ಟಿಎ ಸೇವೆಗೆ ಹೋದ ಕಾರಣಕ್ಕೆ ತೆಗೆಯುವಂತಿಲ್ಲ. ಕಾಯ್ದೆಯ 7ಎ ವಿಧಿಯಂತೆ ಮಾಲೀಕರು ರಜೆ ಕೊಡಬೇಕು, ಸೇವೆ ಮುಗಿದಾಗ ಹಿಂದಿಗಿಂತ ಕಡಿಮೆಯಲ್ಲದ ಷರತ್ತಿನಲ್ಲಿ ಮರಳಿ ತೆಗೆದುಕೊಳ್ಳಬೇಕು. ತಕರಾರಾದರೆ ನಿಗದಿತ ಪ್ರಾಧಿಕಾರ ಮರುನೇಮಕಕ್ಕೆ, ಇಲ್ಲವೇ ಆರು ತಿಂಗಳ ವೇತನದವರೆಗೆ ಪರಿಹಾರಕ್ಕೆ ಆದೇಶಿಸಬಹುದು. ತಿಂಗಳ ವೇತನ ₹21,000 ಒಳಗಿದ್ದು ಇಎಸ್‌ಐ ಇದ್ದವರಿಗೆ ವರ್ಷಕ್ಕೆ 91 ದಿನ 70% ವೇತನದ ಅನಾರೋಗ್ಯ ಭತ್ಯೆ ಇದೆ. ದೀರ್ಘಕಾಲದ ಕಾಯಿಲೆಗಳ ಪಟ್ಟಿಗೆ ಸೇರಿದರೆ ಷರತ್ತುಗಳ ಮೇಲೆ 80% ದರದಲ್ಲಿ ಎರಡು ವರ್ಷದವರೆಗೆ ವಿಸ್ತರಣೆಯೂ ಉಂಟು. ಖಾಸಗಿ ಆರೋಗ್ಯ ವಿಮೆಯ ಪಾಲಿಸಿಯಲ್ಲಿ ಸೇನಾ ಕಾರ್ಯಾಚರಣೆಯ ಹೊರಗಿಡುವಿಕೆ ಇದೆಯೇ ಓದಿ ನೋಡಿ. ಹೃದಯದ ಕಾಯಿಲೆಯನ್ನು ಪಾಲಿಸಿ ಕೊಳ್ಳುವಾಗ ಮುಚ್ಚಿಡಬೇಡಿ. 2024ರ ಏಪ್ರಿಲ್‌ನಿಂದ ಹಿಂದಿನ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 36 ತಿಂಗಳು, ಹೇಳಿಯೇ ಕೊಂಡು ಕಾಯುವುದು ಲೇಸು.

ಮನೆಯವರು ಏನು ಮಾಡಬೇಕು?

ಒಂದು ಫೈಲಿನಲ್ಲಿ ಮೇಲಿನ ಕಾಗದಗಳ ಪ್ರತಿ, ಆರ್ಮಿ ನಂಬರ್, ಯುನಿಟ್ ವಿಳಾಸ, ಅಡ್ಜುಟೆಂಟ್ ಮತ್ತು ಕಂಪನಿಯ ಸುಬೇದಾರ್ ಸಾಹೇಬರ ಫೋನ್ ಇರಲಿ. ನಾಮಿನಿ ವಿವರ ಮದುವೆಯ ನಂತರ ಬದಲಾಗಿದೆಯೇ ಎಂದು ಈಗಲೇ ನೋಡಿ. ತಂದೆಯ ಹೆಸರೇ ಉಳಿದು, ಹೆಂಡತಿ ಮಕ್ಕಳು ವರ್ಷಗಟ್ಟಲೆ ಓಡಾಡುವುದನ್ನು ತಪ್ಪಿಸಬಹುದು. ಸೇವೆಗೆ ಸಂಬಂಧಿಸಿದ ಸಾವಾದರೆ ವಿಶೇಷ ಕುಟುಂಬ ಪಿಂಚಣಿ ಕೊನೆಯ ವೇತನದ 60%, ಇಲ್ಲದಿದ್ದರೆ ಸಾಮಾನ್ಯ ಕುಟುಂಬ ಪಿಂಚಣಿ 30%. ಹೃದಯ ನಿಂತಾಗ ಎದೆ ಒತ್ತುವುದನ್ನೂ (ಸಿಪಿಆರ್), ಶಾಕ್ ಕೊಡುವ ಎಇಡಿ ಯಂತ್ರವಿದ್ದರೆ ಅದನ್ನು ಬಳಸುವುದನ್ನೂ ಮನೆಯಲ್ಲಿ ಒಬ್ಬರಾದರೂ ಕಲಿಯಿರಿ. ಎದೆ ಒತ್ತಬೇಕಾದ್ದು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ.

ಹೃದಯಾಘಾತದ ನಂತರ ಮಂಕು, ಸಿಡುಕು, ನಿದ್ದೆ ಬಾರದಿರುವುದು ಸಾಮಾನ್ಯ. ಸಮವಸ್ತ್ರ ಕಳಚಿಡಬೇಕಾದವರಲ್ಲಿ ಅದು ಇನ್ನೂ ಗಾಢ. ಎರಡು ವಾರ ಮೀರಿದರೆ ಹೃದಯದ ಡಾಕ್ಟರಿಗೇ ಹೇಳಿ, ಇಲ್ಲವೇ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.